ಟೈರಿಗೆ ಅಂಟಿ ಎದ್ದ ಬಣ್ಣ: ಕಾರು ನಿಲ್ಲುವ ಕಾಂಕ್ರೀಟ್ ನೆಲಕ್ಕೆ ಏನು ಮಾಡಿಸಬೇಕು?

ನಾಲ್ಕು ವರ್ಷದ ಹಿಂದೆ ದೀಪಾವಳಿ ಮುಂದೆ ವಿಜಯಪುರದ ಹತ್ತಿರದ ತೊರವಿಯ ನಮ್ಮ ಮನೆಯ ಪೋರ್ಚಿಗೆ ಬೂದು ಬಣ್ಣ ಹೊಡೆಸಿದೆ. "ಕಾಳಜಿ ಮಾಡಬ್ಯಾಡ್ರೀ ಸರ, ಕನ್ನಡಿ ಹಂಗ ಮಾಡಿ ಕೊಡತೀನಿ" ಎಂದಿದ್ದ ಪೇಂಟರು ಮಾತಿಗೆ ತಪ್ಪಲಿಲ್ಲ. ಪಾಡ್ಯದ ದಿನ ಮಕ್ಕಳು ನೆಲದಲ್ಲಿ ಮುಖ ನೋಡಿಕೊಂಡರು. ಮಾರ್ಚಿನಲ್ಲಿ ಒಂದು ದಿನ ಸೊಲ್ಲಾಪುರಕ್ಕೆ ಹೋಗಿ ಮಧ್ಯಾಹ್ನ ಮೂರಕ್ಕೆ ಬಂದು ಕಾರು ನಿಲ್ಲಿಸಿದೆ. ಮರುದಿನ ಬೆಳಿಗ್ಗೆ ತೆಗೆದರೆ ನಾಲ್ಕೂ ಗಾಲಿಯ ಕೆಳಗಿನ ಬಣ್ಣ ಅಂಗೈಯಗಲ ಎದ್ದು ಟೈರಿನ ಜೊತೆಗೇ ಬಂತು. ಉಳಿದದ್ದು ಸೆಪ್ಟೆಂಬರಿನ ಮಳೆ ಮುಗಿಯುವಷ್ಟರಲ್ಲಿ ಹಪ್ಪಳದಂತೆ ಉಬ್ಬಿತು. ಉಗುರು ತಾಗಿಸಿದರೆ ಏಳುತ್ತಿತ್ತು. ಅಡಿಯಲ್ಲಿ ಬಿಳಿ ಉಪ್ಪಿನ ಪುಡಿ.

ಅಥಣಿ ರಸ್ತೆಯ ಎರಡೂ ಬದಿಯ ಹೊಸ ಲೇಔಟುಗಳಲ್ಲಿ ಇದೇ ಗೋಳು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಮ್ಮ ಕಡೆ ಗ್ಯಾರೇಜ್ ಎಂದರೆ ಮೆಕ್ಯಾನಿಕ್ ಕೂತಿರುವ ಜಾಗ. ಮನೆಯಲ್ಲಿ ಕಾರು ನಿಲ್ಲುವುದು ಪೋರ್ಚಿನಲ್ಲಿ ಅಥವಾ ಕೆಳಮಹಡಿಯ ಪಾರ್ಕಿಂಗಿನಲ್ಲಿ, ಟ್ರ್ಯಾಕ್ಟರು ನಿಲ್ಲುವುದು ತೋಟದ ಪತ್ರಾಸ್ ಶೆಡ್ಡಿನಲ್ಲಿ. ಹೆಸರು ಬೇರೆಬೇರೆ ಇದ್ದರೂ ನೆಲ ಒಂದೇ, ಕಾಂಕ್ರೀಟು.

ತೊರವಿಗೆ ಗಟ್ಟಿ ಕೆಲಸ ಹೊಸದಲ್ಲ. ಎರಡನೇ ಇಬ್ರಾಹಿಂ ಆದಿಲ್ ಶಾಹ 1599ರಲ್ಲಿ ಇಲ್ಲಿ ನವರಸಪುರ ಕಟ್ಟಲು ಹೊರಟ. 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಅದು ಹಾಳಾಯಿತು. ಆದರೂ ಕಲ್ಲು-ಗಚ್ಚಿನ ಸಂಗೀತ ಮಹಲು ಈಗಲೂ ನಿಂತಿದೆ. ಸುಣ್ಣದ ಗಚ್ಚು ತೇವವನ್ನು ಒಳಗೆ ಕೂಡಿಹಾಕುವುದಿಲ್ಲ, ಆರಲು ಬಿಡುತ್ತದೆ. ನಾವು ಸಿಮೆಂಟಿನ ನೆಲದ ಮೇಲೆ ಉಸಿರು ಕಟ್ಟುವ ಬಣ್ಣ ಬಳಿಯುತ್ತೇವೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಬಣ್ಣ ಏಕೆ ಏಳುತ್ತದೆ?

ಕಾಂಕ್ರೀಟು ನೋಡಲು ಕಲ್ಲು, ಒಳಗೆ ಮಾತ್ರ ಸಣ್ಣ ಸಣ್ಣ ರಂಧ್ರಗಳ ಜಾಲ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಅದು ನೆಲದಡಿಯ ತೇವವನ್ನು ಮೇಲಕ್ಕೆಳೆಯುತ್ತದೆ. ನಮ್ಮದು ಎರೆ ನೆಲ. ಒಮ್ಮೆ ಕುಡಿದ ನೀರನ್ನು ತಿಂಗಳುಗಟ್ಟಲೆ ಬಿಡುವುದಿಲ್ಲ. ಹಾಗೆ ಮೇಲೇರುವ ತೇವ ಸಿಮೆಂಟಿನ ಕ್ಷಾರವನ್ನೂ ಉಪ್ಪನ್ನೂ ಹೊತ್ತು ತರುತ್ತದೆ. ಬರಿ ನೆಲವಾದರೆ ನೀರು ಆರಿ ಉಪ್ಪು ಮೇಲೆ ಉಳಿಯುತ್ತದೆ, ಗುಡಿಸಿದರೆ ಹೋಯಿತು. ಮೇಲೆ ಪದರವಿದ್ದರೆ ಉಪ್ಪು ಅದರ ಅಡಿಯಲ್ಲೇ ಕೂತು ಪದರವನ್ನು ಎತ್ತುತ್ತದೆ.

ನನ್ನ ಪೇಂಟರು ಹಚ್ಚಿದ್ದು ಕಿಟಕಿ, ಗ್ರಿಲ್ಲಿಗೆ ಹಚ್ಚುವ ಆಯಿಲ್ ಪೇಂಟು. ಎಣ್ಣೆಗೆ ಕ್ಷಾರ ಸೇರಿದರೆ ಸಾಬೂನಾಗುತ್ತದೆ. ಸಾಬೂನು ಕಾಯಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ವರ್ಷದಲ್ಲಿ ನಮ್ಮ ಪೋರ್ಚಿನಲ್ಲಿ ನಡೆದದ್ದೂ ಅದೇ: ಸಿಮೆಂಟಿಗೆ ತಾಗಿದ ಬಣ್ಣದ ಅಡಿಮೈ ಸಾಬೂನಿನಂತೆ ಮೆತ್ತಗಾಗಿ ಹಿಡಿತ ಬಿಟ್ಟಿತು.

ಮೂರನೆಯದು ಬಿಸಿ ಟೈರು. ಬೇಸಿಗೆಯ ರಸ್ತೆಯ ಮೇಲೆ ಓಡಿ ಬಂದ ಟೈರು ಬಿಸಿಯಾಗಿ ಹಿಗ್ಗಿರುತ್ತದೆ. ರಬ್ಬರಿಗೆ ಮೆದುವಾಗಲೆಂದು ಬೆರೆಸಿದ ಎಣ್ಣೆಯಂಥ ಅಂಶಗಳು ಬಣ್ಣವನ್ನು ಮೆತ್ತಗೆ ಮಾಡುತ್ತವೆ. ರಾತ್ರಿ ಟೈರು ತಣಿದು ಕುಗ್ಗುವಾಗ ಅದಕ್ಕೆ ಅಂಟಿದ ಬಣ್ಣವನ್ನೂ ಎಳೆಯುತ್ತದೆ. ನೆಲದ ಜೊತೆ ಬಣ್ಣದ ಹಿಡಿತ ಕಮ್ಮಿಯಿದ್ದರೆ ಬೆಳಿಗ್ಗೆ ಅದು ಟೈರಿನ ಪಾಲು.

ಮೊದಲು ನೆಲವನ್ನು ಕೇಳಿ

ಅಂಗಡಿಯ ಬಣ್ಣದ ಪಟ್ಟಿ ನೋಡುವ ಮೊದಲು ಈ ನಾಲ್ಕು ಪರೀಕ್ಷೆ ಮಾಡಿ. ನಾಲ್ಕಕ್ಕೂ ಸೇರಿ ನೂರು ರೂಪಾಯಿ ಖರ್ಚಾಗದು.

1. ಪ್ಲಾಸ್ಟಿಕ್ ಹಾಳೆ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚನ್ನು ಗಾಳಿಯಾಡದಂತೆ ಟೇಪಿನಿಂದ ಅಂಟಿಸಿ. ಬಿಸಿಲು ನೇರ ಬೀಳದ ಜಾಗವಿರಲಿ. 16 ಗಂಟೆಗೆ ಕಮ್ಮಿಯಿಲ್ಲದಂತೆ ಬಿಟ್ಟು ತೆಗೆಯಿರಿ. ಹಾಳೆಯ ಒಳಮೈಯಲ್ಲಿ ಹನಿ ಕೂತಿದ್ದರೆ, ಅಥವಾ ಅಷ್ಟು ನೆಲ ಮಾತ್ರ ಕಪ್ಪಾಗಿದ್ದರೆ, ಅಡಿಯಿಂದ ತೇವ ಬರುತ್ತಿದೆ. ಈ ಪರೀಕ್ಷೆಯನ್ನು ಮೇ ತಿಂಗಳಲ್ಲಿ ಮಾಡಿ ಬೀಗಬೇಡಿ. ಆಗ ವಿಜಯಪುರದಲ್ಲಿ ಎಲ್ಲ ನೆಲವೂ ಒಣ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಎರೆ ಮಣ್ಣು ನೀರು ಕುಡಿದಿರುವಾಗ ಮಾಡಿದರೆ ನಿಜ ಗೊತ್ತಾಗುತ್ತದೆ.

2. ನೀರ ಹನಿ. ನಾಲ್ಕೈದು ಕಡೆ ಹನಿ ಬಿಡಿ. ಒಂದೆರಡು ನಿಮಿಷದಲ್ಲಿ ಹೀರಿದರೆ ನೆಲದ ರಂಧ್ರ ತೆರೆದಿದೆ, ಹಚ್ಚಿದ್ದು ಒಳಗಿಳಿಯುತ್ತದೆ. ಮುತ್ತಿನಂತೆ ನಿಂತರೆ ಅಲ್ಲಿ ಎಣ್ಣೆಯೋ, ಹಳೆಯ ಬಣ್ಣವೋ, ಬೇರೆ ಏನೋ ಕೂತಿದೆ.

3. ಬೀಗದ ಕೈ. ಒತ್ತಿ ಗೀರಿ. ತೆಳು ಬಿಳಿ ಗೆರೆ ಮೂಡಿದರೆ ಸರಿ. ರೊಟ್ಟಿ ಹಿಟ್ಟಿನಂತೆ ಪುಡಿ ಎದ್ದರೆ ಮೇಲ್ಮೈ ದುರ್ಬಲ, ಅದರ ಮೇಲೆ ಏನು ಹಚ್ಚಿದರೂ ಆ ಪುಡಿಯ ಸಮೇತ ಏಳುತ್ತದೆ.

4. ಸುತ್ತಿಗೆ. ಮೆಲ್ಲಗೆ ತಟ್ಟುತ್ತ ಹೋಗಿ. ಟಣ್ ಎಂದರೆ ಗಟ್ಟಿ, ಡಬ್ ಎಂದರೆ ಪೊಳ್ಳು. ಪೊಳ್ಳಾದ ಕಡೆ ಒಡೆದು ತುಂಬಿಸಲೇಬೇಕು.

ಮೂರನೇ ಪರೀಕ್ಷೆಯಲ್ಲಿ ಸೋಲುವ ನೆಲಗಳು ನಮ್ಮಲ್ಲಿ ಬಹಳ. ಕಾರಣ ಗೌಂಡಿಯ ಒಂದು ಚಟ. ಕಾಂಕ್ರೀಟು ಹಾಕಿದ ಮೇಲೆ ಮೇಲ್ಗಡೆ ನೀರು ಒಸರುತ್ತದೆ. ಅದು ಆರುವ ತನಕ ಕಾಯದೆ ಒಣ ಸಿಮೆಂಟು ಉದುರಿಸಿ ಕರಣೆಯಿಂದ ತಿಕ್ಕಿ ನುಣುಪು ಮಾಡಿಬಿಡುತ್ತಾರೆ. ಆ ದಿನಕ್ಕೆ ಚಂದ. ನೀರು ಹೆಚ್ಚಾದ ಆ ತೆಳು ಪದರಕ್ಕೆ ಕಸುವಿಲ್ಲ, ವರ್ಷದೊಳಗೆ ಪುಡಿ ಏಳತೊಡಗುತ್ತದೆ. ಎರಡು ಸಲ ಗುಡಿಸಿದರೂ ಕಾರಿನ ಮೇಲೆ ಧೂಳು ಕೂರುತ್ತಿದ್ದರೆ ಅದೆಲ್ಲ ರಸ್ತೆಯಿಂದ ಬಂದದ್ದಲ್ಲ, ನಿಮ್ಮ ನೆಲವೇ ಸವೆಯುತ್ತಿದೆ.

ಆಯ್ಕೆಗಳು

ಒಳಗಿಳಿಯುವ ಗಟ್ಟಿಕಾರಕ. ಅಂಗಡಿಯಲ್ಲಿ ಡೆನ್ಸಿಫೈಯರ್ ಎಂದು ಕೇಳಿ. ನೀರಿನಂಥ ದ್ರವ; ಸೋಡಿಯಂ ಇಲ್ಲವೇ ಲಿಥಿಯಂ ಸಿಲಿಕೇಟು. ಸಿಮೆಂಟು ಗಟ್ಟಿಯಾಗುವಾಗ ಒಳಗೆ ಒಂದಷ್ಟು ಸುಣ್ಣ ಬಿಡುಗಡೆಯಾಗಿ ಹಾಗೇ ಉಳಿದಿರುತ್ತದೆ. ಸಿಲಿಕೇಟು ಆ ಸುಣ್ಣದ ಜೊತೆ ಸೇರಿ, ಸಿಮೆಂಟಿಗೆ ಬಲ ಕೊಡುವ ವಸ್ತುವನ್ನೇ ರಂಧ್ರಗಳಲ್ಲಿ ಹುಟ್ಟಿಸುತ್ತದೆ. ಮೇಲೆ ಪದರ ಕೂರುವುದಿಲ್ಲವಾದ್ದರಿಂದ ಏಳುವ ಮಾತೂ ಇಲ್ಲ. ನೆಲ ಉಸಿರಾಡುತ್ತದೆ, ಟೈರು ಎಷ್ಟು ಬಿಸಿಯಿದ್ದರೂ ಅಡ್ಡಿಯಿಲ್ಲ, ಬಿಸಿಲಿಗೆ ಬಣ್ಣಗೆಡುವುದಿಲ್ಲ. ಧೂಳು ನಿಲ್ಲುತ್ತದೆ. ಆದರೆ ಹೊಳಪಾಗಲಿ ಬಣ್ಣವಾಗಲಿ ಬರುವುದಿಲ್ಲ, ಎಣ್ಣೆ ಚೆಲ್ಲಿದರೆ ಕಲೆ ನಿಲ್ಲುತ್ತದೆ. ಮಳೆ ಎರಚಲು ಬೀಳುವ ಪೋರ್ಚಾದರೆ ಇದಾದ ಮೇಲೆ ಸಿಲೇನ್-ಸಿಲೊಕ್ಸೇನ್ ಎಂಬ ನೀರು ಹೀರದಂತೆ ಮಾಡುವ ಸೀಲರನ್ನೂ ಹೊಡೆಸಬಹುದು; ಎರಡೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ಡಬ್ಬದ ಮೇಲೆ ನೋಡಿಕೊಳ್ಳಿ.

ಎಪಾಕ್ಸಿ. ಎರಡು ಡಬ್ಬದ ಸರಕು, ಬೆರೆಸಿದ ಕೂಡಲೇ ಗಟ್ಟಿಯಾಗತೊಡಗುತ್ತದೆ. ಸರಿಯಾಗಿ ಹಿಡಿದರೆ ಎಣ್ಣೆ, ಡೀಸೆಲ್, ಗ್ರೀಸು ಒರೆಸಿದರೆ ಹೋಗುತ್ತವೆ. ಇದರ ವೈರಿಗಳು ಎರಡು: ಅಡಿಯ ತೇವ ಮತ್ತು ಬಿಸಿಲು. ನೇರ ಬಿಸಿಲು ಬೀಳುವ ಕಡೆ ಹಳದಿಗಟ್ಟಿ, ಸುಣ್ಣದಂತೆ ಪುಡಿಯಾಗುತ್ತದೆ. ಅದಕ್ಕೆ ಮೇಲೊಂದು ಬಿಸಿಲು ತಾಳುವ ಪಾಲಿಯುರೆಥೇನ್ ಕೋಟು ಬೇಕು. ಬಿಸಿ ಟೈರನ್ನು ತಡೆಯುವುದಕ್ಕೂ ಆ ಕೋಟು ನೆರವಾಗುತ್ತದೆ. ಪಾಲಿಯಾಸ್ಪಾರ್ಟಿಕ್ ಎಂಬುದೂ ಅದೇ ಕುಲದ್ದು. ಬೇಗ ಆರುತ್ತದೆ, ಆದರೆ ನಮ್ಮ ಬಿಸಿಗೆ ಕೈ ಓಡುವ ಮೊದಲೇ ಗಟ್ಟಿಯಾಗಿಬಿಡುತ್ತದೆ. ಪಳಗಿದ ಕೆಲಸಗಾರರಿಲ್ಲದೆ ಅದರ ಹತ್ತಿರ ಹೋಗಬೇಡಿ.

ಫರ್ಶಿ, ಟೈಲ್ಸು, ಪೇವರ್. ಕಲಬುರಗಿ ಕಡೆಯ ಶಹಾಬಾದ್ ಫರ್ಶಿ ನಮ್ಮವರ ಹಳೆಯ ನಂಬಿಕೆ, ನನಗೂ ಪ್ರೀತಿಯದೇ. ದಪ್ಪ ಫರ್ಶಿಯನ್ನು ಪೊಳ್ಳು ಬಿಡದೆ ಕೂರಿಸಿದರೆ ಕಾರಿಗೆ ಧಾರಾಳವಾಯಿತು. ಒಂದು ಒಡೆದರೆ ಒಂದನ್ನೇ ಬದಲಿಸಬಹುದು, ಸುಲಿಯುವ ಭಯವಿಲ್ಲ. ಸುಣ್ಣಗಲ್ಲಾದ್ದರಿಂದ ಆ್ಯಸಿಡ್ಡಿಗೆ ಮಾತ್ರ ಆಗದು; ಬಾತ್‌ರೂಮ್ ತೊಳೆಯುವ ಆ್ಯಸಿಡ್ ಬಿದ್ದರೆ ಮೈ ತಿಂದುಹೋಗುತ್ತದೆ. ಟೈಲ್ಸ್ ಹಾಕಿಸುವುದಾದರೆ ಪಾರ್ಕಿಂಗ್ ಟೈಲ್ಸ್ ಎಂದೇ ಬರುವ ದಪ್ಪ, ತರಿ ಮೈಯವನ್ನೇ ಕೇಳಿ. ಹಾಲಿನ ಟೈಲ್ಸು ಉಳಿದಿವೆ ಎಂದು ಪೋರ್ಚಿಗೆ ಹಾಕಿದವರ ಮನೆಯಲ್ಲಿ ಮೊದಲು ಜಾರುವುದು ಅಜ್ಜಿ. ಪೇವರ್ ಬ್ಲಾಕು ಅಂಗಳಕ್ಕೆ ಒಳ್ಳೆಯದು: ಕಾರಿಗೆ 60 ಮಿಲಿಮೀಟರ್, ಟ್ರ್ಯಾಕ್ಟರಿಗೆ 80.

ಟ್ರ್ಯಾಕ್ಟರ್ ಶೆಡ್ಡಿನ ಮಾತೇ ಬೇರೆ

ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟದವರ ಶೆಡ್ಡಿನಲ್ಲಿ ಟ್ರ್ಯಾಕ್ಟರು ಒಂದೇ ಇರುವುದಿಲ್ಲ. ಔಷಧ ಹೊಡೆಯುವ ಬ್ಲೋವರ್, ಗೊಬ್ಬರದ ಚೀಲ, ಮೈಲುತುತ್ತ, ಬ್ಯಾಟರಿ, ಡೀಸೆಲ್ ಕ್ಯಾನು ಎಲ್ಲವೂ ಅಲ್ಲೇ. ಕಬ್ಬಿಣದ ರೆಂಟೆ, ಕುಂಟೆ ಎಳೆದಾಡುವ ನೆಲಕ್ಕೆ ಎಪಾಕ್ಸಿ ಬಳಿಯುವುದು ದುಡ್ಡು ದಂಡ. ಬ್ಯಾಟರಿಯ ಆ್ಯಸಿಡ್ ಸಿಮೆಂಟನ್ನು ತಿನ್ನುತ್ತದೆ. ಅಮೋನಿಯಂ ಸಲ್ಫೇಟಿನಂಥ ಗೊಬ್ಬರ ಮತ್ತು ಮೈಲುತುತ್ತದ ನೀರೂ ಕಾಂಕ್ರೀಟಿಗೆ ಕೆಟ್ಟವೇ. ಅವನ್ನು ಕಟ್ಟಿಗೆಯ ಹಲಗೆಯ ಮೇಲೆ, ನೆಲ ಬಿಟ್ಟು ಇಡಿ. ಇಷ್ಟು ಮಾಡಿದರೆ ಯಾವ ಕೋಟಿಂಗಿಗಿಂತ ಹೆಚ್ಚು ಉಪಕಾರವಾಗುತ್ತದೆ.

ಶೆಡ್ಡು ಇನ್ನೂ ಕಟ್ಟಬೇಕಿದ್ದರೆ ನೀವು ಅದೃಷ್ಟವಂತರು, ಎಲ್ಲವನ್ನೂ ಅಡಿಯಿಂದಲೇ ಸರಿ ಮಾಡಬಹುದು. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಜೊತೆಗೆ ನೆಲವನ್ನೂ ಬಿರಿಸುತ್ತದೆ. ಅದನ್ನು ತೆಗೆದು ಗರಸು ತುಂಬಿ, ನೀರು ಹೊಡೆದು ಪದರ ಪದರವಾಗಿ ದಮ್ಮಸು ಮಾಡಿಸಿ. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ಮುಂದಿನ ತೇವದ ಕಾಟ ಅರ್ಧಕ್ಕರ್ಧ ತಪ್ಪಿತು. ಕಾರಿಗೆ 4 ಇಂಚು, ಟ್ರ್ಯಾಕ್ಟರ್-ಟ್ರೇಲಿಗೆ 6 ಇಂಚು ಕಾಂಕ್ರೀಟು. ಒಂದು ಸಿಮೆಂಟು, ಒಂದೂವರೆ ಉಸುಕು, ಮೂರು ಖಡಿ. ನೀರು ಒಸರಿ ಆರಿದ ಮೇಲೆ, ಹಸಿ ಇರುವಾಗಲೇ, ಫ್ಲೋರ್ ಹಾರ್ಡ್ನರ್ ಪುಡಿ ಉದುರಿಸಿ ತಿಕ್ಕಿಸಿ. ಅದರಲ್ಲಿರುವುದು ಕ್ವಾರ್ಟ್ಸ್ ಅಥವಾ ಎಮರಿ ಹರಳು, ಬರೀ ಸಿಮೆಂಟಲ್ಲ. ಗಟ್ಟಿಯಾದ ಹಳೆಯ ನೆಲಕ್ಕೆ ಈ ಪುಡಿ ಹಿಡಿಯುವುದಿಲ್ಲ. 4 ಇಂಚಿನ ನೆಲವನ್ನು ಎಂಟು-ಹತ್ತು ಅಡಿಗೊಂದು ಕಡೆ, ಮರುದಿನವೇ, ದಪ್ಪದ ಕಾಲುಭಾಗ ಆಳಕ್ಕೆ ಕೊಯ್ಸಿ. ಬಿರುಕು ಬರುವುದಾದರೆ ಆ ಗೆರೆಯಲ್ಲೇ ಬರಲಿ. ಈಗ ಮಾರುವ ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ, ನಮ್ಮ ಬಿಸಿಲಿಗೆ 14 ದಿನ ನೀರು ನಿಲ್ಲಿಸಬೇಕು. ಮೂರು ದಿನ ಪೈಪು ಹಿಡಿದು ಕೈ ತೊಳೆದುಕೊಂಡವರ ನೆಲ ಪುಡಿ ಬಿಡುತ್ತದೆ.

ಎಪಾಕ್ಸಿಯೇ ಬೇಕು ಎನ್ನುವವರಿಗೆ

ಮುಚ್ಚಿದ ಕೆಳಮಹಡಿ ಪಾರ್ಕಿಂಗು, ಪ್ಲಾಸ್ಟಿಕ್ ಪರೀಕ್ಷೆಯಲ್ಲಿ ಪಾಸಾದ ನೆಲ ಇದ್ದರೆ ಧೈರ್ಯವಾಗಿ ಮಾಡಿಸಿ. ಕ್ರಮ ಹೀಗಿರಲಿ:

1. ಹೊಸ ಕಾಂಕ್ರೀಟಿಗೆ 28 ದಿನ ತುಂಬಲಿ, ಆಮೇಲೆ ತೇವದ ಪರೀಕ್ಷೆ ಮಾಡಿ.

2. ಎಣ್ಣೆ ಕಲೆಯ ಮೇಲೆ ಕಟ್ಟಿಗೆ ಪುಡಿ ಹಾಕಿ ಹೀರಿಸಿ, ನಂತರ ಬಟ್ಟೆ ಸೋಡಾ ಅಥವಾ ಡಿಗ್ರೀಸರ್ ಹಾಕಿ ಬಿಸಿನೀರಿನಲ್ಲಿ ಉಜ್ಜಿ ತೊಳೆಯಿರಿ. ನೀರ ಹನಿ ಅಲ್ಲೂ ಇಂಗುವ ತನಕ ಬಿಡಬೇಡಿ.

3. ಡೈಮಂಡ್ ಕಪ್ ಹಾಕಿದ ಗ್ರೈಂಡರಿನಿಂದ ಇಡೀ ಮೇಲ್ಮೈ ಕೆರೆಸಿ. ಮುಟ್ಟಿದರೆ ಸಣ್ಣ ಉಸುಕಿನ ಕಾಗದದಂತೆ ತರಿ ಹತ್ತಬೇಕು. ಒಟ್ಟು ಕೆಲಸದ ಜೀವ ಇದೇ.

4. ಬಿರುಕನ್ನು ಎಪಾಕ್ಸಿ ಪುಟ್ಟಿಯಿಂದ ತುಂಬಿ, ವ್ಯಾಕ್ಯೂಮ್ ಹೊಡೆದು ಧೂಳು ತೆಗೆಯಿರಿ. ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಕೂಡಲೇ ಪ್ರೈಮರ್ ಹಚ್ಚುವುದು ಬೇಡ.

5. ಎರಡೂ ಡಬ್ಬವನ್ನು ಬರೆದ ಅಳತೆಯಂತೆ, ಡ್ರಿಲ್ಲಿಗೆ ಕಲಕುವ ಕಡ್ಡಿ ಸಿಕ್ಕಿಸಿ, ಅಂಚು-ತಳ ಬಿಡದೆ ಮೂರು ನಿಮಿಷ ಬೆರೆಸಿ. ಒಂದು ಸಲಕ್ಕೆ ಹಚ್ಚಿ ಮುಗಿಸುವಷ್ಟೇ ಬೆರೆಸಿ. ಶಾಖ ಹತ್ತು ಡಿಗ್ರಿ ಏರಿದರೆ ಕೈಯಲ್ಲಿರುವ ಸಮಯ ಸುಮಾರು ಅರ್ಧವಾಗುತ್ತದೆ.

6. ಪ್ರೈಮರ್, ಮೇಲೆ ಎಪಾಕ್ಸಿ ಕೋಟು, ಅದು ಹಸಿಯಿರುವಾಗ ಸಣ್ಣ ಕ್ವಾರ್ಟ್ಸ್ ಉಸುಕು ಉದುರಿಸುವುದು, ಕೊನೆಗೆ ಪಾಲಿಯುರೆಥೇನ್. ಉಸುಕು ಬಿಟ್ಟರೆ ಮಳೆಗಾಲದಲ್ಲಿ ಒದ್ದೆ ಟೈರಿನ ಸ್ಕೂಟರು ನೇರ ಗೋಡೆಗೆ.

7. ಒಂದು ದಿನ ಯಾರೂ ಕಾಲಿಡಬಾರದು, ಕಾರು ಏಳು ದಿನ ಹೊರಗಿರಲಿ.

ಸಮಯದ ಬಗ್ಗೆ ಒಂದು ಗುಟ್ಟಿದೆ. ಬೆಳಿಗ್ಗೆ ತಂಪಿದೆ ಎಂದು ಏಳಕ್ಕೇ ಶುರು ಮಾಡುತ್ತಾರೆ. ಬಿಸಿಲೇರಿದಂತೆ ನೆಲ ಕಾಯುತ್ತದೆ, ರಂಧ್ರದೊಳಗಿನ ಗಾಳಿ ಹಿಗ್ಗಿ ಹಸಿ ಕೋಟಿನಲ್ಲಿ ಗುಳ್ಳೆ ಏಳುತ್ತದೆ. ಪ್ರೈಮರನ್ನು ನೆಲ ತಣಿಯುತ್ತಿರುವ ಸಂಜೆ ಹೊತ್ತಿನಲ್ಲಿ ಹಚ್ಚಿದರೆ ಅದು ರಂಧ್ರದೊಳಕ್ಕೆ ಎಳೆದುಕೊಳ್ಳುತ್ತದೆ. ನವೆಂಬರಿನಿಂದ ಫೆಬ್ರುವರಿ ಇದಕ್ಕೆ ಹೇಳಿ ಮಾಡಿಸಿದ ಕಾಲ. ತೆರೆದ ಬದಿಯಿದ್ದರೆ ರಾತ್ರಿ ಇಬ್ಬನಿ ಕೂರದಂತೆ ಪರದೆ ಕಟ್ಟಿ. 40 ಡಿಗ್ರಿ ದಾಟುವ ಏಪ್ರಿಲ್-ಮೇನಲ್ಲಿ ಬೇಡವೇ ಬೇಡ.

ಗುತ್ತಿಗೆದಾರರ ಲೆಕ್ಕ ಹಿಡಿಯಲು ಒಂದು ಸೂತ್ರ: ತಿನ್ನರ್ ಬೆರೆಸದ ಎಪಾಕ್ಸಿಯ 1 ಲೀಟರು 1 ಚದರ ಮೀಟರಿನಲ್ಲಿ 1 ಮಿಲಿಮೀಟರ್ ದಪ್ಪ ನಿಲ್ಲುತ್ತದೆ. ನಿಮ್ಮ ಪಾರ್ಕಿಂಗು 10 ಅಡಿಗೆ 18 ಅಡಿ ಎಂದರೆ ಸುಮಾರು 16.7 ಚದರ ಮೀಟರು. "ಎರಡು ಎಂಎಂ ಹಾಕ್ತೀವ್ರೀ" ಎಂದರೆ 33 ಲೀಟರಿನಷ್ಟು ಸರಕು ಬರಬೇಕು. ಐದು ಲೀಟರಿನ ಡಬ್ಬ ಹಿಡಿದು ಬಂದರೆ ಅದು ರೋಲರಿನ ತೆಳು ಕೋಟು. ಅದರ ದುಡ್ಡನ್ನಷ್ಟೇ ಕೊಡಿ.

ಹೆಚ್ಚಾಗಿ ಆಗುವ ತಪ್ಪುಗಳು

ಹಳೆಯ ಸುಲಿಯುವ ಬಣ್ಣದ ಮೇಲೆಯೇ ಹೊಸದನ್ನು ಹಚ್ಚುವುದು ಮೊದಲನೆಯದು. ಮೇಲಿನದು ಎಷ್ಟೇ ಬೆಲೆಯದಾಗಲಿ, ಕೆಳಗಿನದರ ಜೊತೆ ಏಳುತ್ತದೆ.

ಎಣ್ಣೆ ಕಲೆಗೆ ಸೀಮೆಎಣ್ಣೆ ಸುರಿದು ಒರೆಸುವುದು ಇನ್ನೊಂದು. ಕಲೆ ತೆಳುವಾಗಿ ಕಾಣುತ್ತದೆ, ಎಣ್ಣೆ ಮತ್ತಷ್ಟು ಆಳಕ್ಕಿಳಿದಿರುತ್ತದೆ.

ಡೆನ್ಸಿಫೈಯರ್ ಹೊಡೆದು ಹಾಗೇ ಬಿಟ್ಟು ಹೋಗುವುದನ್ನೂ ನೋಡಿದ್ದೇನೆ. 20-30 ನಿಮಿಷ ನೆಲ ಒದ್ದೆಯಾಗಿರುವಂತೆ ಮೆತ್ತನೆ ಪೊರಕೆಯಿಂದ ಎಳೆದಾಡಿ, ಹೀರದೆ ಉಳಿದದ್ದನ್ನು ತೆಗೆಯಬೇಕು. ಇಲ್ಲದಿದ್ದರೆ ಬಿಳಿ ಕಲೆಯಾಗಿ ಒಣಗುತ್ತದೆ, ಸೋಡಿಯಂ ಸಿಲಿಕೇಟಿನದಾದರೆ ಕೆರೆದರೂ ಸುಲಭಕ್ಕೆ ಹೋಗದು.

ನೆಲ ಮಟ್ಟಸವಾಗಿರಲಿ ಎಂದು ಇಳಿಜಾರು ತೆಗೆಸುವುದೂ ತಪ್ಪೇ. ನೂರು ಅಡಿಗೆ ಒಂದು ಅಡಿ ಲೆಕ್ಕದ ಇಳಿಜಾರಾದರೂ ಗೇಟಿನ ಕಡೆಗಿರಲಿ. ನೀರು ನಿಂತ ನೆಲದಲ್ಲಿ ಯಾವ ಹೊದಿಕೆಯೂ ಬಾಳುವುದಿಲ್ಲ.

ಎಚ್ಚರಿಕೆ

ನೆಲ ತರಿ ಮಾಡಲು ಆ್ಯಸಿಡ್ ಹಾಕುವ ರೂಢಿಯಿದೆ. ನನ್ನ ಸಲಹೆ: ಬೇಡ. ಆ್ಯಸಿಡ್ ಎಣ್ಣೆಯನ್ನು ತೆಗೆಯುವುದಿಲ್ಲ. ಅದರ ಹೊಗೆಗೆ ಪಕ್ಕದ ಬೈಕು, ಗ್ರಿಲ್ಲು, ಸ್ಪ್ಯಾನರ್ ಡಬ್ಬಿ ಎಲ್ಲ ತುಕ್ಕು ಹಿಡಿಯುತ್ತವೆ. ನೆಲ ತೊಯ್ದು ಮತ್ತೆ ಆರಲು ದಿನ ಹಿಡಿಯುತ್ತದೆ. ಹಾಕಲೇಬೇಕಾದರೆ ಮೊದಲು ನೀರು, ಆ ನೀರಿಗೆ ಆ್ಯಸಿಡ್. ಆ್ಯಸಿಡ್ಡಿಗೆ ಎಂದೂ ನೀರು ಸುರಿಯಬೇಡಿ, ಸಿಡಿಯುತ್ತದೆ. ಕೈಗವಸು, ಕಣ್ಣಿಗೆ ಕನ್ನಡಕ ತಪ್ಪದೆ ಇರಲಿ. ಕೊನೆಗೆ ಸೋಡಾ ನೀರಿನಿಂದ ತೊಳೆದು, ಮತ್ತೆ ಎರಡು ಸಲ ಬರಿ ನೀರಿನಿಂದ ತೊಳೆಯಿರಿ.

ಗ್ರೈಂಡರಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಕೆಲಸದ ಹುಡುಗರು ಮೂಗಿಗೆ ಟವೆಲ್ ಕಟ್ಟಿಕೊಂಡು ನಿಲ್ಲುತ್ತಾರೆ. ಎನ್-95 ಮಾಸ್ಕನ್ನು ನೀವೇ ತಂದುಕೊಡಿ, ಧೂಳು ಎಳೆಯುವ ಯಂತ್ರ ಜೋಡಿಸಿದ ಗ್ರೈಂಡರನ್ನೇ ಕೇಳಿ. ಎಪಾಕ್ಸಿಯ ಗಟ್ಟಿಕಾರಕ ಬರಿ ಚರ್ಮಕ್ಕೆ ತಾಗಿದರೆ ಕೆಲವರಿಗೆ ಮಾಯದ ತುರಿಕೆ ಹಿಡಿಯುತ್ತದೆ, ಕೈಗವಸು ಅದಕ್ಕೂ ಬೇಕು.

ಹಾಗಾದರೆ ಯಾವುದು? ತೋಟದ ಶೆಡ್ಡಿಗೆ ಹಾರ್ಡ್ನರ್ ಹಾಕಿದ ಬರಿ ಕಾಂಕ್ರೀಟು. ಬಿಸಿಲು, ಎರಚಲು ಎರಡೂ ಬೀಳುವ ಪೋರ್ಚಿಗೆ ಡೆನ್ಸಿಫೈಯರ್, ಅಂದ ಬೇಕಾದರೆ ಫರ್ಶಿ ಇಲ್ಲವೇ ಪಾರ್ಕಿಂಗ್ ಟೈಲ್ಸು. ಒಣಗಿದ, ಮುಚ್ಚಿದ ಪಾರ್ಕಿಂಗಿಗೆ ಮಾತ್ರ ಎಪಾಕ್ಸಿ ಮತ್ತು ಪಾಲಿಯುರೆಥೇನ್. ಆಯಿಲ್ ಪೇಂಟು ಎಲ್ಲಿಗೂ ಬೇಡ. ನಮ್ಮ ಪೋರ್ಚಿನ ಹಳೆ ಬಣ್ಣವನ್ನು ಎರಡು ದಿನ ಕೆರೆಸಿ ಡೆನ್ಸಿಫೈಯರ್ ಹೊಡೆಸಿದೆ. ಮುಖ ಕಾಣುವುದಿಲ್ಲ; ಧೂಳೂ ಏಳುವುದಿಲ್ಲ.

ಈ ರಾತ್ರಿ ಕಾರನ್ನು ಹೊರಗೆ ನಿಲ್ಲಿಸಿ, ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿ ಮಲಗಿ. ಪೇಂಟರಿಗೆ ಫೋನು ನಾಳೆ ಅದನ್ನು ತೆಗೆದು ನೋಡಿದ ಮೇಲೆ ಮಾಡಿದರಾಯಿತು.